ಬಟಾಟಿ ಅಣ್ಣನ ದಿವಸ

ನಮ್ಮ ನಿಪ್ಪಾಣಿಯಲ್ಲಿ ಫ್ಲೆಕ್ಸ್ ಹಚ್ಚದೆ ಯಾರೂ ಹುಟ್ಟುವುದಿಲ್ಲ, ಯಾರೂ ಸಾಯುವುದೂ ಇಲ್ಲ. ಇಷ್ಟು ಲೋಕಜ್ಞಾನವಿದ್ದ ನಾನು, ಶಂಕರ ಟೇಲರ್, ಒಂದು ಫ್ಲೆಕ್ಸ್ ಮಾಡಿಸುವುದರಲ್ಲಿ ಏನು ತಪ್ಪಾದೀತು ಎಂದುಕೊಂಡೆ. ಕಾಲರನ್ನು ಕಣ್ಣುಮುಚ್ಚಿ ಹೊಲಿಯುವ ನನಗೆ ಅದು ಯಾವ ಮಹಾ ಕೆಲಸ!

ಫ್ಲೆಕ್ಸ್ ಬೇಕಾಗಿದ್ದು ಬಟಾಟಿ ಅಣ್ಣನಿಗೆ. ಅವನ ನಿಜವಾದ ಹೆಸರು ಆಪಾಸಾಬ. ಹತ್ತಿರದ ಭೋಜ ಎಂಬ ಹಳ್ಳಿಯವನು. ನಾವು ಹುಡುಗರಾಗಿದ್ದಾಗ ನಮ್ಮೂರ ಫುಟ್‌ಬಾಲ್ ತಂಡದ ಮಿಡ್‌ಫೀಲ್ಡರ್. ಬಟಾಟೆ ಯಾವ ಪಲ್ಯಕ್ಕೆ ಹಾಕಿದರೂ ಹೊಂದುತ್ತದಲ್ಲ, ಇವನೂ ಹಾಗೆ. ಹಿಂದೆ ಆಳಿಲ್ಲದಿದ್ದರೆ ಹಿಂದೆ ಆಡಿದ, ಮುಂದೆ ಆಳಿಲ್ಲದಿದ್ದರೆ ಮುಂದೆ ಆಡಿದ. ಪಂದ್ಯದ ದಿನವೇ ಗೋಲ್‌ಕೀಪರನ ಮದುವೆ ಬಂದಾಗ ಗೋಲಿನಲ್ಲೂ ನಿಂತ. ಗೋಲು ಹೊಡೆದು ಹೆಸರು ಮಾಡಿದವರು ಬೇರೆ, ಅವರಿಗೆ ಚೆಂಡು ತಂದುಕೊಟ್ಟು ಏದುಸಿರು ಬಿಟ್ಟವನು ಇವನು. ಪಂದ್ಯ ಮುಗಿದ ಮೇಲೆ ಬಲೆ ಬಿಚ್ಚಿ ಮಡಚುತ್ತಿದ್ದವನೂ ಇವನೇ.

ನಾನು ಅವನ ಅಭಿಮಾನಿ. ಬರೀ ಕೂಗುವ ಅಭಿಮಾನಿಯಲ್ಲ, ಪದಾಧಿಕಾರಿ! ಅರ್ಧ ಆಟ ಮುಗಿದಾಗ ಮೈದಾನದೊಳಗೆ ಓಡಿ ಉಪ್ಪು ಸವರಿದ ಲಿಂಬೆ ಹೋಳು ಕೊಡುವ ಘನ ಜವಾಬ್ದಾರಿ ನನ್ನದಾಗಿತ್ತು. ಪಂದ್ಯದ ನಂತರ ಗೆಳೆಯರೆಲ್ಲ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, ಮುಗಿದ ಆಟವನ್ನು ಮತ್ತೊಮ್ಮೆ ಬಾಯಿಂದ ಆಡುತ್ತಿದ್ದರು.

ಈಗ ಆ ಕಟ್ಟೆ ಖಾಲಿ. ರೆಡಿಮೇಡ್ ಬಂದ ಮೇಲೆ ಗಿರಾಕಿ ಹೋದರು, ಮೊಬೈಲ್ ಬಂದ ಮೇಲೆ ಗೆಳೆಯರು ಹೋದರು, ಆಮೇಲೆ ನನ್ನ ಹೆಂಡತಿಯೂ ಹೋದಳು. ಅಂಗಡಿಯಲ್ಲಿ ನನ್ನ ಜೊತೆ ಸದ್ದು ಮಾಡುವುದು ಹೊಲಿಗೆ ಮಷಿನ್ ಒಂದೇ. ಎಣ್ಣೆ ಹಾಕಿದರೆ ಅದೂ ಸುಮ್ಮನಾಗುತ್ತದೆ. ಅದಕ್ಕೇ ನಾನು ಎಣ್ಣೆ ಹಾಕುವುದನ್ನು ಬಿಟ್ಟಿದ್ದೇನೆ.

ಹೀಗಿರುವಾಗ ಬಟಾಟಿ ಅಣ್ಣನಿಗೆ ಅರವತ್ತು ತುಂಬುತ್ತದೆಂದು ತಿಳಿಯಿತು. ಆ ನೆಪದಲ್ಲಾದರೂ ಹಳೆಯ ಮಂದಿಯೆಲ್ಲ ಒಂದು ಸಂಜೆ ಕೂಡಿ ಕೂರಬೇಕೆಂದು ಜೀವ ಒದ್ದಾಡಿತು. ಬಟಾಟಿ ಅಣ್ಣನಿಗೆ ಫೋನ್ ಮಾಡಿ ಬರಲು ಒಪ್ಪಿಸಿದೆ, ಉಳಿದವರಿಗೆಲ್ಲ ಮೊಬೈಲಿನಲ್ಲಿ ಸಂದೇಶ ಕಳಿಸಿದೆ. ಇಬ್ಬರು ಹೆಬ್ಬೆರಳು ತೋರಿಸಿದರು. ಒಬ್ಬ ಗುಲಾಬಿ ಹೂವು ಕಳಿಸಿ "ಶುಭ ಮುಂಜಾನೆ" ಎಂದ. ಆಗ ರಾತ್ರಿ ಊಟದ ಹೊತ್ತು!

ಪಕ್ಕದ ಮನೆಯ ಹಸೀನಾ ಭಾಬಿ ಹೇಳಿದಳು: "ಭೈಯಾ, ಮೊಬೈಲ್‌ನ್ಯಾಗ ಕರದ್ರ ಯಾರ್ ಬರ್ತಾರ್ರಿ? ಚೌಕದಾಗ ದೊಡ್ಡ ಫ್ಲೆಕ್ಸ್ ಹಚ್ರಿ. ಊರ ಎದ್ದು ಬರ್ತೈತಿ."

ಊರು ಎದ್ದು ಬಂದಿತು. ಆ ಮಾತಿನಲ್ಲಿ ತಪ್ಪಿರಲಿಲ್ಲ.

ರಸ್ತೆ ಬದಿಯಲ್ಲಿ ನಿಂತೇ ಫ್ಲೆಕ್ಸ್ ಅಂಗಡಿಯ ಸುಭಾಷನಿಗೆ ಫೋನ್ ಮಾಡಿದೆ. ಹುಟ್ಟುಹಬ್ಬ ಎಂದಿದ್ದರೆ ಪುಣ್ಯ ಬರುತ್ತಿತ್ತು. ಆದರೆ ನಮ್ಮ ಗಡಿ ಭಾಗದಲ್ಲಿ ಹುಟ್ಟುಹಬ್ಬ ಎಂದು ಯಾರು ಅನ್ನುತ್ತಾರೆ? ಮರಾಠಿಯ "ವಾಢದಿವಸ"ವೇ ನಮ್ಮೆಲ್ಲರ ಬಾಯಲ್ಲಿ.

"ಸುಭಾಷ, ಬಟಾಟಿ ಅಣ್ಣನ ವಾಢ..." ಎನ್ನುವಷ್ಟರಲ್ಲಿ ಎರಡು ಟ್ರೇಲರ್ ಕಬ್ಬು ಎಳೆಯುತ್ತಾ, ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ಒಂದು ಟ್ರ್ಯಾಕ್ಟರ್ ಬಂತು. ಅದು ದಾಟಿದ ಮೇಲೆ ಮಾತು ಮುಗಿಸಿದೆ: "...ದಿವಸ ಮಾಡಾಕತ್ತೀವಿ!"

ವಾಢವನ್ನು ಟ್ರ್ಯಾಕ್ಟರ್ ಹೊತ್ತುಕೊಂಡು ಹೋಯಿತು. ಸುಭಾಷನ ಕಿವಿಗೆ ಬಿದ್ದದ್ದು ಬರೀ ದಿವಸ. ನಮ್ಮಲ್ಲಿ ಬರೀ ದಿವಸ ಮಾಡುವುದು ಸತ್ತವರಿಗೆ.

"ಅಯ್ಯೋ ದೇವರ! ಯಾವಾಗ್ರಿ?" ಎಂದ ಸುಭಾಷ.

"ನಾಡದು ಆಯ್ತವಾರ, ಸಂಜಿ ಐದಕ್ಕ. ಮೈದಾನದಾಗ. ಏನ್ ಬರೀಬೇಕಂದ್ರ, 'ನಿಮ್ಮ ಆಟ ಎಂದೂ ಮರೆಯೆವು, ಸದಾ ನಮ್ಮ ನೆನಪಿನಲ್ಲಿ.' ಫೋಟೋ ಕಳಸ್ತೇನಿ. ಹಳೇದೈತಿ, ಕಪ್ಪು ಬಿಳುಪು."

"ನಡೀತೈತ್ರಿ, ಇಂಥಾದಕ್ಕ ಅದ ಚೊಲೊ. ಕೆಳಗ ಯಾರ ಫೋಟೋ?"

"ನಂದೊಂದ ಹಾಕು. ಉಳಿದವರು ಹೆಬ್ಬಟ್ಟು ತೋರ್ಸ್ಯಾರ."

"ಧೈರ್ಯಾ ತಗೋರಿ ಟೇಲರ್ರ" ಎಂದು ಅವನು ಫೋನ್ ಇಟ್ಟ. ಹುಟ್ಟುಹಬ್ಬಕ್ಕೆ ಧೈರ್ಯವೇಕೆ ಎಂದು ಒಂದು ಕ್ಷಣ ಅನ್ನಿಸಿತು. ಖರ್ಚಿಗೆ ಹೇಳಿರಬೇಕು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಸುಭಾಷನೇ ಚೌಕದಲ್ಲಿ ಒಂದು, ಮೈದಾನದಲ್ಲಿ ಒಂದು ಫ್ಲೆಕ್ಸ್ ಕಟ್ಟಿದ. ನಾನು ನೋಡಲು ಹೋಗಲಿಲ್ಲ. ಬಟಾಟಿ ಅಣ್ಣನಿಗೆ ಕಾಣಿಕೆಯಾಗಿ ಹಳೆಯ ನೀಲಿ ಜರ್ಸಿಯನ್ನು ಹೊಸದಾಗಿ ಹೊಲಿಯುತ್ತಾ ಕೂತಿದ್ದೆ. ಅಷ್ಟರಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಚಿಕ್ಕೋಡಿಯಿಂದ ಹಳೆಯ ಗೋಲ್‌ಕೀಪರ್ ಮಾತಾಡಿದ.

"ಮೊಬೈಲ್‌ನ್ಯಾಗ ಫ್ಲೆಕ್ಸಿನ ಫೋಟೋ ನೋಡಿದೆ ಶಂಕರ. ಹೆಂಗಾತೋ?"

"ಹೆಂಗಾತು ಅಂದ್ರ? ಅರವತ್ತಾತು. ಎಲ್ಲಾರಿಗೂ ಆಗೂದ ಅಲ್ಲಾ?"

"ಖರೆ ಐತಿ ಬಿಡು. ನಾವೂ ಅದ ಲೈನಿನ್ಯಾಗ ಅದೀವಿ."

"ತಪ್ಪದ ಬಾ. ಸಿಹಿಗಂತ ಶಿರಾ ಮಾಡ್ಸೇನಿ."

"ಶಿರಾನೂ ಮಾಡ್ಸಿದ್ಯಾ?" ಎಂದು ಅವನು ಮೆಲ್ಲಗೆ ಕೇಳಿದ.

ಹೀಗೆ ಫೋನಿನ ಮೇಲೆ ಫೋನು. ರಾಯಬಾಗದಿಂದ, ಅಥಣಿಯಿಂದ, ಕಾಗವಾಡದಿಂದ. ಎಷ್ಟೋ ತಿಂಗಳಿಂದ ನನ್ನ ಹೆಸರು ಹಿಡಿದು ಇಷ್ಟು ಜನ ಮಾತಾಡಿರಲಿಲ್ಲ. ಎಲ್ಲರೂ ಮೂಗೊರೆಸಿಕೊಳ್ಳುತ್ತಾ ಮಾತಾಡಿದರು. ಇಷ್ಟೊಂದು ಪ್ರೀತಿಯೇ ಎಂದು, ಶಿರಾಕ್ಕೆ ಇನ್ನಷ್ಟು ರವೆ ಹಾಕಲು ಹಸೀನಾ ಭಾಬಿಗೆ ಹೇಳಿದೆ.

ಜರ್ಸಿ ಮುಗಿಸಿ ನಾನು ಮೈದಾನ ಮುಟ್ಟುವ ಹೊತ್ತಿಗೆ ಜನ ತುಂಬಿದ್ದರು. ಎಲ್ಲರದೂ ಬಿಳಿ ಬಟ್ಟೆ, ಬಿಳಿ ಟೋಪಿ. ಹಳೆಯ ತಂಡದ ಗೌರವಕ್ಕೆ ಒಂದೇ ಬಣ್ಣ ಹಾಕಿಕೊಂಡು ಬಂದಿದ್ದಾರೆ ಎಂದು ಹಿಗ್ಗಿದೆ. ಬಣ್ಣ ಮಾತ್ರ ತಪ್ಪಿದ್ದಾರೆ, ಜರ್ಸಿ ನೀಲಿಯಲ್ಲವೇ!

ಗೋಲ್‌ಕೀಪರ್ ಎದ್ದು ನಿಂತು ಮಾತಾಡುತ್ತಿದ್ದ: "ನನ್ನ ಲಗ್ನದ ದಿನಾ ನನ್ನ ಬದಲಿ ನಿಂತು ಮ್ಯಾಚ್ ಗೆದ್ದಾಂವ. ಮೈಯೆಲ್ಲಾ ಕೆತ್ತಿಕೊಂಡು, ಹಂಗ ಅಕ್ಷತಾ ಹಾಕಾಕ ಬಂದಾಂವ. ಅಂಥಾಂವ ಮತ್ತ ಹುಟ್ಟೂದಿಲ್ಲ." ಇನ್ನೊಬ್ಬ ಎದ್ದು, ಜ್ವರ ಬಂದರೂ ಬಟಾಟಿ ಪೂರ್ತಿ ಆಟ ಆಡಿದ ಕಥೆ ಹೇಳುತ್ತಾ ಅರ್ಧಕ್ಕೇ ಅತ್ತ. ನಾನೂ ಅತ್ತೆ. ಎಷ್ಟು ಸುಖವಾದ ಅಳು! ಇದೇ ಅಲ್ಲವೇ ನನಗೆ ಬೇಕಾಗಿದ್ದದ್ದು?

ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಫ್ಲೆಕ್ಸ್ ಕಂಡಿತು. ಕಪ್ಪು ಅಂಚು. ಎರಡೂ ಬದಿಗೆ ಉರಿಯುವ ಸಮೆ ದೀಪ. ಮೇಲೆ "ಭಾವಪೂರ್ಣ ಶ್ರದ್ಧಾಂಜಲಿ." ಕೆಳಗೆ "ದುಃಖತಪ್ತ ಅಭಿಮಾನಿಗಳು" ಎಂಬ ಬಹುವಚನ, ಅದರಡಿ ನಾನೊಬ್ಬನೇ ನಗುತ್ತಿದ್ದೇನೆ!

ಅದೇ ವೇಳೆಗೆ ಗೇಟಿನಲ್ಲಿ ಹಳೆಯ ಸ್ಕೂಟರ್ ನಿಂತಿತು. ಬಟಾಟಿ ಅಣ್ಣ ಇಳಿದ. ಹೊಸ ಅಂಗಿ, ಹಣೆಯಲ್ಲಿ ಕುಂಕುಮ.

ಯಾರೋ ಕಿಟಾರನೆ ಕಿರುಚಿದರು. ಆಗಷ್ಟೇ ಶಿರಾ ಹೊತ್ತು ಬಂದು ಫ್ಲೆಕ್ಸ್ ನೋಡಿದ ಹಸೀನಾ ಭಾಬಿ "ಯಾ ಅಲ್ಲಾ!" ಎಂದು ಪಾತ್ರೆ ಕೈಬಿಟ್ಟಳು. ಬಟಾಟಿ ಅಣ್ಣ ನಿಧಾನವಾಗಿ ಫ್ಲೆಕ್ಸ್ ಓದಿದ, ಫೋಟೋ ನೋಡಿದ, ತನ್ನ ಬೋಳು ತಲೆ ಸವರಿಕೊಂಡ.

"ಕೂದಲಾ ಚೊಲೊ ಬಂದಾವ" ಎಂದು ಹಿಂದಿನ ಸಾಲಿನಲ್ಲಿ ಕೂತ. "ನಡೀಲಿ, ನಡೀಲಿ. ನಾನೂ ಕೇಳ್ತೇನಿ."

ಆದರೆ ಬದುಕಿದವನ ಎದುರು ಹೊಗಳಲು ಯಾರಿಗೂ ಬಾಯಿ ಬರಲಿಲ್ಲ. ಮೊದಲು ನಕ್ಕರು, ಆಮೇಲೆ ಸಿಟ್ಟಾದರು. "ಹೊಲದಾಗ ಕಬ್ಬ ಕಡ್ಯಾಕ ಮಂದಿ ಬಂದಿದ್ರು, ಬಿಟ್ಟ ಬಂದೇನಲೇ ಶಂಕ್ರ್ಯಾ!" ಎಂದ ಒಬ್ಬ. ಫ್ಲೆಕ್ಸಿಗೆ ಹಾಕಿದ ಹಾರವನ್ನು ತಂದವನೇ ಬಿಚ್ಚಿಕೊಂಡು ಹೋದ. ಸತ್ತವನಿಗಾಗಿ ಐವತ್ತು ಮೈಲಿ ಬಂದವರಿಗೆ ಬದುಕಿದವನ ಜೊತೆ ಒಂದು ತಾಸು ಕೂರಲು ಪುರುಸೊತ್ತಿರಲಿಲ್ಲ. ಕತ್ತಲಾಗುವ ಮೊದಲೇ ಮೈದಾನ ನನ್ನ ಅಂಗಡಿಯ ಕಟ್ಟೆಯಂತಾಯಿತು.

ನಾನು ಅಪರಾಧಿಯಂತೆ ಹೋಗಿ ನಿಂತೆ. "ಅಣ್ಣಾ, ತಪ್ಪಾತು."

"ಇರ್ಲಿ ಬಿಡ್ರಿ. ಫೋನ್ ಮಾಡಿದ ಟೇಲರ್ ನೀವ ಏನ್ರಿ?"

"ನಾನ್ರಿ, ಲಿಂಬಿಹಣ್ಣಿನ ಶಂಕರ! ಅರ್ಧ ಆಟಕ್ಕ ನಿಮಗ ಹೋಳು ಕೊಡ್ತಿದ್ನಲ್ರಿ?"

ಬಟಾಟಿ ಅಣ್ಣ ನನ್ನನ್ನೇ ನೋಡಿದ. ನೆನಪಿಸಿಕೊಳ್ಳಲು ನಿಜವಾಗಿಯೂ ಕಷ್ಟಪಟ್ಟ. ಆಟದಲ್ಲಿ ಪಡುತ್ತಿದ್ದಷ್ಟೇ ಕಷ್ಟ. "ಲಿಂಬಿ ನೆನಪೈತಿ" ಎಂದ ಕೊನೆಗೆ, ನಾಚಿಕೊಂಡು. "ಉಪ್ಪು ಜಾಸ್ತಿ ಇರ್ತಿತ್ತು."

ಜರ್ಸಿ ಕೊಟ್ಟೆ. ಮನಸ್ಸಿನಲ್ಲಿದ್ದ ಹಳೆಯ ಬಟಾಟಿಯ ಅಳತೆಗೆ ಹೊಲಿದಿದ್ದೆ. ಈಗಿನ ಬಟಾಟಿಗೆ ಅದು ಹೆಗಲಿನಲ್ಲೇ ಸಿಕ್ಕಿಕೊಂಡಿತು, ತಲೆಯೂ ಹೊರಬರಲಿಲ್ಲ. ಜರ್ಸಿಯ ಒಳಗಿನಿಂದಲೇ ಅವನ ಮಾತು ಬಂತು: "ಬುಧವಾರ ಬರ್ತೇನಿ ಟೇಲರ್ರ. ಬಗಲಾಗ ಒಂದೀಟು ಸಡ್ಲ ಬಿಟ್ಟ ಕೊಡ್ರಿ."

ಬುಧವಾರ! ಮಂಗಳವಾರ ಮಧ್ಯಾಹ್ನವೇ ಜರ್ಸಿ ತಯಾರಾಗಿತ್ತು. ಬುಧವಾರ ಕಟ್ಟೆ ತೊಳೆದೆ, ಎರಡು ಚಹಾ ಹೇಳಿದೆ. ಅವನು ಬಂದ. ಅವನನ್ನು ಕಂಡದ್ದೇ ನನ್ನೊಳಗೆ ಒಂದು ಮಹಾ ಉಪಾಯ ಹೊಳೆಯಿತು: ಇವತ್ತೇ ಜರ್ಸಿ ಕೊಟ್ಟರೆ ಇವನು ಮತ್ತೆ ಯಾಕೆ ಬರುತ್ತಾನೆ? ಲೋಕದ ಎಲ್ಲ ಟೇಲರ್‌ಗಳೂ ಹೇಳುವ ಸುಳ್ಳನ್ನು ನಾನೂ ಹೇಳಿದೆ.

"ಇನ್ನಾ ಆಗಿಲ್ರಿ ಅಣ್ಣಾ. ನಾಳೆ ಬರ್ರಿ."

"ಹೌದ್ರಿ? ಆತು ಹಂಗಾದ್ರ, ನಾಳೆ ಬರ್ತೇನಿ" ಎಂದು ಬಟಾಟಿ ಅಣ್ಣ ಕಟ್ಟೆಯನ್ನೂ ಹತ್ತದೆ ಸ್ಕೂಟರ್ ತಿರುಗಿಸಿಕೊಂಡು ಹೊರಟೇಹೋದ!

ಚಹಾ ಬಂತು. ಎರಡನ್ನೂ ನಾನೇ ಕುಡಿದೆ.