ಹತ್ತರಲ್ಲಿ ಎಷ್ಟು ನೋವು?

ಹೆದರಿದ ಮನುಷ್ಯ ಆಸ್ಪತ್ರೆಯೊಳಗೆ ಏನು ಹೇಳುತ್ತಾನೆ, ಏನು ಮಾಡುತ್ತಾನೆ ಅಂತ ಮೊದಲೇ ಹೇಳಲಿಕ್ಕಾಗುವುದಿಲ್ಲ. ಸ್ಟ್ರೆಚರ್ ದೂಡುವವನಿಗೆ ವಾರಕ್ಕೊಂದಾದರೂ ಇಂಥದ್ದು ಸಿಕ್ಕಿಯೇ ಸಿಗುತ್ತದೆ. ನಗು ಬರುವುದು ಆಮೇಲೆ. ಆ ಹೊತ್ತಿಗೆ ಅವರಿಗೂ ಹೆದರಿಕೆ, ನನಗೆ ಅವರಿಗಿಂತ ಒಂದು ಮುಷ್ಟಿ ಹೆಚ್ಚು.

ನನ್ನದು ಒಂದು ಕಡೆ ನಿಲ್ಲುವ ಕಾಲಲ್ಲ. ಏಳನೇ ಕ್ಲಾಸಿನಲ್ಲಿ ಲೆಕ್ಕದ ಮಾಸ್ಟ್ರು, ನಿನಗೆ ಹೊಡೆಯಲು ನೀನೇ ಕೋಲು ಮುರಿದುಕೊಂಡು ಬಾ ಅಂತ ಹೊರಗೆ ಕಳಿಸಿದರು. ಇನ್ನೂ ತಿರುಗಿ ಹೋಗಿಲ್ಲ. ಮುಂಬೈ ಹೋಟೆಲ್, ಗಂಗೊಳ್ಳಿಯ ಬೋಟು, ಯಕ್ಷಗಾನ ಮೇಳದ ಲಾರಿ, ಎಲ್ಲಿ ಹೆದರಿಕೆ ಆಯಿತೋ ಅಲ್ಲಿಂದ ಕಾಲು ನನ್ನನ್ನು ಎತ್ತಿಕೊಂಡು ಹೊರಟಿತು. ಕಡೆಗೆ ಕುಂದಾಪುರದ ಹೆದ್ದಾರಿ ಬದಿಯ ಒಂದು ಆಸ್ಪತ್ರೆಗೆ ಬಂದು ಸ್ಟ್ರೆಚರ್ ಹಿಡಿದೆ.

ಅಲ್ಲಿಗೆ ಅರಿವಳಿಕೆ ಓದುತ್ತಿದ್ದ ಒಬ್ಬ ಡಾಕ್ಟ್ರಮ್ಮ ಬಂದರು. ಬಯಲುಸೀಮೆ ಕಡೆಯವರು, ಸಣ್ಣ ಪ್ರಾಯ. ಅವರದೊಂದು ಸ್ಟಡಿ. ಮರಗಟ್ಟಿಸುವಾಗ ಇಲ್ಲವೇ ನಿದ್ದೆ ಬರಿಸುವಾಗ ಜೊತೆಗೆ ಕೊಡುವ ಎರಡು ಮದ್ದುಗಳಲ್ಲಿ ಯಾವುದು ಕೊಟ್ಟರೆ ರೋಗಿಗೆ ನೋವು ಕಡಿಮೆ, ಚಳಿ ಕಡಿಮೆ, ಎಚ್ಚರ ಬೇಗ ಅಂತ ನೋಡುವುದು. ಅವರು ಮೊದಲು ಕಂಡುಹಿಡಿದದ್ದು ಮಾತ್ರ ನನ್ನ ಹರ್ನಿಯಾವನ್ನು. ಒಬ್ಬರನ್ನು ಎತ್ತುವಾಗ ನಾನು ತೊಡೆಸಂದಿ ಒತ್ತಿ ಹಿಡಿದದ್ದು ಅವರ ಕಣ್ಣಿಗೆ ಬಿತ್ತು.

"ಇದು ಸಿಕ್ಕಿಹಾಕಿಕೊಂಡ್ರೆ ಕರುಳು ಕೊಳೀತದೆ. ಬೇಗ ಆಪರೇಷನ್ ಮಾಡಿಸ್ಕೊಳ್ಳಿ. ಬೆನ್ನಿಗೆ ಒಂದು ಇಂಜೆಕ್ಷನ್, ಅಷ್ಟೇ."

"ಮುಂದಿನ್ ವಾರ ಡಾಕ್ಟ್ರಮ್ಮ" ಅಂದೆ. ಪ್ರತಿ ವಾರವೂ ಅದನ್ನೇ ಅಂದೆ. ಥಿಯೇಟರಿನ ಬಾಗಿಲಲ್ಲಿ ಊರವರಿಗೆಲ್ಲ "ಎಂತದೂ ಆತಿಲ್ಲೆ, ನಿದ್ರಿ ಮಾಡ್ದಂಗೆ" ಅಂತ ಧೈರ್ಯ ಹೇಳುವವನು ನಾನೇ. ಒಳಗೆ ಹೋಗಿ ಮಲಗಲು ಮಾತ್ರ ನನ್ನಿಂದಾಗದು.

ದೇವರಿಗೆ ಗೊತ್ತು

ಬ್ರಹ್ಮಾವರದ ಒಬ್ಬರು ದಿನಸಿ ಅಂಗಡಿಯ ಧಣಿ. ಕಾಲಿನ ಆಪರೇಷನ್. ಡಾಕ್ಟ್ರಮ್ಮ ಸ್ಟಡಿಯ ವಿಷಯ ಬಿಡಿಸಿ ಹೇಳಿದರು. ಎರಡೂ ದಿನಾ ಕೊಡುವ ಮದ್ದೇ. ನಿಮಗೆ ಸಿಗುವುದು ಯಾವುದು ಅಂತ ನಿಮಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ, ಸಿರಿಂಜು ತುಂಬಿಸುವ ಇನ್ನೊಬ್ಬ ಡಾಕ್ಟರಿಗೆ ಮಾತ್ರ ಗೊತ್ತು. ಮನಸ್ಸಿಲ್ಲದಿದ್ದರೆ ಬೇಡ, ಆಪರೇಷನ್ ಹೇಗೂ ಆಗುತ್ತದೆ.

ಧಣಿಯ ಮುಖ ಬಿಳುಚಿತು. "ಅಲ್ಲ ಡಾಕ್ಟ್ರಮ್ಮ, ನನ್ ಅಂಗ್ಡಿಗ್ ಬಂದವ್ರಿಗ್ ಕಟ್ಟಿ ಕೊಟ್ಟದ್ದ್ ಉಪ್ಪಾ ಸಕ್ರಿಯಾ ಅಂದ್ಹೇಳಿ ನಂಗೇ ಗೊತ್ತಿಲ್ಲೆ ಅಂದ್ರೆ, ನಾಳಿಂದ ಯಾರ್ ಬತ್ರ್?"

"ಗೊತ್ತಿದ್ರೆ ನಾವೇ ಒಂದರ ಕಡೆ ವಾಲ್ತೇವೆ. ಅದಕ್ಕೆ ಹೀಗೆ."

"ಕೇಂಡ್ಕಂಡ್ ಬತ್ತೆ" ಅಂತ ಹೋದರು. ಹೆಂಡತಿಯನ್ನು ಕೇಳಲು ಹೋದರು ಅಂದುಕೊಂಡೆವು. ಅವರು ಹೋದದ್ದು ದೇವಸ್ಥಾನಕ್ಕೆ. ಹೂವಿನ ಪ್ರಸಾದ ಕೇಳುವುದು ನಮ್ಮ ಕಡೆ ಉಂಟು. ದೇವರ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಆಗಬಹುದು ಅಂತ ಅರ್ಥ. ತಿರುಗಿ ಬಂದವರ ಮುಖದಲ್ಲಿ ಕಳೆ ಬಂದಿತ್ತು.

"ಬಲಕ್ಕೇ ಬಿತ್ತ್. ನಾ ರೆಡಿ." ಆಮೇಲೆ ಹತ್ತಿರ ಬಾಗಿ, "ಯಾವ್ ಮದ್ದ್ ಅಂದ್ಹೇಳಿಯೂ ಕೇಂಡೆ ಕಾಣಿ. ಅದ್ಕೂ ಉತ್ತರ ಬಂತ್."

ಡಾಕ್ಟ್ರಮ್ಮ ಎರಡೂ ಕಿವಿ ಮುಚ್ಚಿಕೊಂಡರು. "ಹೇಳ್ಬೇಡಿ, ಹೇಳ್ಬೇಡಿ. ದೇವರಿಗೆ ಗೊತ್ತಾದ್ರೆ ತೊಂದರೆ ಇಲ್ಲ, ನನಗೆ ಗೊತ್ತಾದ್ರೆ ಸ್ಟಡಿ ಹಾಳಾಗ್ತದೆ."

ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಧಣಿ ದೇವರ ಆ ಉತ್ತರವನ್ನು ಥಿಯೇಟರಿನ ದಾರಿಯಲ್ಲಿ ನನ್ನ ಕಿವಿಯಲ್ಲಿ ಹೇಳಿಬಿಟ್ಟರು. ಅವರು ನಿಶ್ಚಿಂತೆಯಿಂದ ಒಳಗೆ ಹೋದರು. ಅವತ್ತಿಂದ ಡಾಕ್ಟ್ರಮ್ಮ ಎದುರು ಬಂದರೆ ನಾನು ಬಾಯಿಗೆ ಕೈ ಅಡ್ಡ ಹಿಡಿದು ನಡೆಯುತ್ತಿದ್ದೆ.

ಮುಟ್ಟುವ ಮೊದಲು

ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಎಲ್ಲಿಯವರೆಗೆ ಮರಗಟ್ಟಿತು ಅಂತ ನೋಡಲು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯನ್ನು ಕಾಲಿಗೆ ತಾಗಿಸಿ "ತಂಪಾಯ್ತಾ?" ಅಂತ ಕೇಳುತ್ತಾರೆ. ಆಗಲಿಲ್ಲ ಅಂದರೆ ಮದ್ದು ಹಿಡಿದಿದೆ ಅಂತ.

ಕೊಕ್ಕರ್ಣೆಯ ಒಬ್ಬರು ಕೃಷಿಕರು. ಕೋಣ ಎದುರು ಬಂದರೂ ದಾರಿ ಬಿಡದ ಆಳು ಅಂತ ಜೊತೆಗೆ ಬಂದ ಮಗ ಹೇಳಿದ್ದ. ಮೇಜಿನ ಮೇಲೆ ನನ್ನ ಕೈಯನ್ನು ಅವರು ಹಿಡಿದ ಹಿಡಿತಕ್ಕೆ ಬೆರಳಿನ ಗಂಟೆಲ್ಲ ನೆಟಿಗೆ ಮುರಿಯಿತು.

"ತಂಪಾಯ್ತಾ?"

"ಆತ್ತ್."

ಡಾಕ್ಟ್ರಮ್ಮ ಸ್ವಲ್ಪ ತಡೆದು ಮತ್ತೆ ಕೇಳಿದರು. ಆತ್ತ್. ಮೊಣಕಾಲು, ಆತ್ತ್. ಪಾದ, ಆತ್ತ್. ಗ್ಲೌಸ್ ಹಾಕಿದ ಸರ್ಜನ್ನರು ಗಡಿಯಾರ ನೋಡತೊಡಗಿದರು. ಮದ್ದು ಹಿಡಿಯಲಿಲ್ಲವೋ ಏನೋ ಅಂತ ಡಾಕ್ಟ್ರಮ್ಮನ ಹಣೆಯಲ್ಲಿ ಬೆವರು. ಕೃಷಿಕರು ನನ್ನನ್ನು ಹತ್ತಿರ ಎಳೆದು ಪಿಸುಗುಟ್ಟಿದರು: "ಗೊತ್ತಾತಿಲ್ಲೆ ಅಂದ್ ಕೂಡ್ಲೆ ಕತ್ತಿ ಹಾಕ್ತ್ರ್. ನಾ ಹೇಳುದೇ ಇಲ್ಲೆ, ಕಾಣ್."

ನಾನಾದರೂ ಹೇಳುತ್ತಿರಲಿಲ್ಲ. ನಾನೂ ಮೇಲಿನ ಲೈಟು ನೋಡುತ್ತಾ ನಿಂತೆ.

ಡಾಕ್ಟ್ರಮ್ಮನಿಗೆ ಸಂಶಯ ಬಂತು. ಹತ್ತಿ ಹಿಡಿದ ಕೈಯನ್ನು ಮೇಲಕ್ಕೆತ್ತಿ, ಎಲ್ಲೂ ತಾಗಿಸದೆ ಕೇಳಿದರು: "ಈಗ?"

"ಈಗಂತೂ ಐಸ್ ಇಟ್ಟಂಗ್ ಆತ್ತ್."

"ನಾನು ಮುಟ್ಟಲೇ ಇಲ್ಲ."

"ಅದೇ ಕಾಣಿ ಡಾಕ್ಟ್ರೇ. ನಂಗ್ ಮುಟ್ಟುಕ್ ಮುಂಚೆಯೇ ಗೊತ್ತಾತ್ತ್."

ಅಜ್ಜಿಯ ಮಾರ್ಕು

ಆಪರೇಷನ್ ಆದವರ ಹತ್ತಿರ ಡಾಕ್ಟ್ರಮ್ಮ ಆಗಾಗ ಬಂದು "ನೋವು ಹತ್ತರಲ್ಲಿ ಎಷ್ಟು?" ಅಂತ ಕೇಳಬೇಕು. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾರದ ನೋವು.

ಬೀಜಾಡಿಯ ಒಬ್ಬರು ಅಜ್ಜಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಆಪರೇಷನ್. ಡಾಕ್ಟ್ರಮ್ಮ ಎಲ್ಲರ ಮಂಚಕ್ಕೂ ಹೋಗುವುದನ್ನು ನೋಡಿ ಅಜ್ಜಿ ನನ್ನನ್ನು ಕರೆದರು. "ಈ ಹೆಣ್ಣ್ ಎಂತಕ್ ಎಲ್ಲರತ್ರೂ ಮಾರ್ಕ್ ಕೇಂತ್ ಮಗಾ?"

"ಅವ್ರ್ ಪರೀಕ್ಷೆಗ್ ಬೇಕಂಬ್ರ್, ಅಮ್ಮ" ಅಂದೆ. ಸುಳ್ಳಲ್ಲವಲ್ಲ.

ಅಜ್ಜಿಯ ಸರದಿ ಬಂತು. "ಹತ್ತರಲ್ಲಿ ಎಷ್ಟು ಅಜ್ಜಿ?"

"ಹತ್ತ್."

ಡಾಕ್ಟ್ರಮ್ಮ ಗಾಬರಿಯಾಗಿ ಮದ್ದು ಕೊಡಿಸಿದರು. ತಿರುಗಿ ಬಂದು ಕೇಳಿದರು. ಹತ್ತು. ಅಜ್ಜಿ ಉಪ್ಪಿನಕಾಯಿ ನೆಕ್ಕುತ್ತಾ ಗಂಜಿ ಉಣ್ಣುತ್ತಿದ್ದರು, ಆಗಲೂ ಹತ್ತು. ದೊಡ್ಡ ಡಾಕ್ಟರು ಬಂದರು, ಮೂಳೆಯ ಡಾಕ್ಟರು ಬಂದರು. ಒಳಗೆ ಏನೋ ಹೆಚ್ಚುಕಮ್ಮಿ ಆಗಿದೆ, ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿ ಅಂದರು. ನಾನು ಸ್ಟ್ರೆಚರ್ ದೂಡಿದೆ. ಅರ್ಧ ದಾರಿಯಲ್ಲಿ ತಡೆಯದೆ ಕೇಳಿದೆ.

"ಅಮ್ಮ, ಅಷ್ಟ್ ನೋಯ್ತಾ?"

"ನಂಗೆಂತ ನೋವಿಲ್ಲೆ. ಪಾಪ, ಮನಿ ಬಿಟ್ ಬಂದ್ ಓದು ಹೆಣ್ಣ್. ಪಾಸಾಯ್ಲಿ ಅಂದ್ಹೇಳಿ ಕೊಟ್ಟೆ."

ಸ್ಟ್ರೆಚರ್ ತಿರುಗಿಸಿದೆ. ವಿಷಯ ಕೇಳಿ ಡಾಕ್ಟ್ರಮ್ಮ ಕುರ್ಚಿಯಲ್ಲಿ ಕುಸಿದು ಕೂತರು. ಸುಧಾರಿಸಿಕೊಂಡ ಮೇಲೆ ಅಜ್ಜಿಯ ಕೈ ಹಿಡಿದು, ನೋವಿಲ್ಲದಿದ್ದರೆ ಸೊನ್ನೆ ಹೇಳಬೇಕು ಅಜ್ಜಿ, ಸೊನ್ನೆ ಕೊಟ್ಟರೇ ನನಗೆ ಒಳ್ಳೆಯದು ಅಂತ ತಿಳಿಸಿದರು.

ಅಜ್ಜಿ ಹೌಹಾರಿದರು. "ಸೊನ್ನೆಯಾ? ನಾ ಸತ್ರೂ ನಿಂಗ್ ಸೊನ್ನೆ ಕೊಡುದಿಲ್ಲೆ ಮಗಾ."

ಗಿರಾಕಿ

ಇದನ್ನು ನೆನೆದರೆ ಈಗಲೂ ನನ್ನ ಕಾಲು ಬಾಗಿಲ ಕಡೆ ತಿರುಗುತ್ತದೆ.

ಬೈಂದೂರು ಕಡೆಯವರು. ಪ್ರಾಯವನ್ನೆಲ್ಲ ಮುಂಬೈ ಹೋಟೆಲಿನಲ್ಲಿ ಕಳೆದು ಊರಿಗೆ ಬಂದವರು. ಪಿತ್ತಕೋಶದಲ್ಲಿ ಕಲ್ಲು. ಇದು ಬೆನ್ನಿನದ್ದಲ್ಲ, ಪೂರ್ತಿ ನಿದ್ದೆ ಬರಿಸುವುದು. ಬಾಗಿಲಲ್ಲಿ ನಿಂತ ಹೆಂಡತಿಗೆ "ಹೆದರ್ಬೇಡಿ ಅಕ್ಕ, ನಿದ್ರಿ ಮಾಡ್ದಂಗೆ" ಅಂತ ನನ್ನ ಮಾಮೂಲಿ ಮಾತು ಹೇಳಿಯೇ ಗಂಡನನ್ನು ಒಳಗೆ ಕರೆದುಕೊಂಡು ಹೋಗಿದ್ದೆ.

ಆಪರೇಷನ್ ಮುಗಿಯಿತು, ನಿದ್ದೆ ಮುಗಿಯಲಿಲ್ಲ. ಡಾಕ್ಟ್ರಮ್ಮ ಹೆಸರು ಹಿಡಿದು ಕರೆದರು. ಭುಜ ತಟ್ಟಿದರು. ಗಟ್ಟಿಯಾಗಿ ಕರೆದರು. ಉಸಿರು ಸರಿ ಇದೆ, ಮಿಷನ್ ಸರಿ ಇದೆ, ಕಣ್ಣು ಮಾತ್ರ ತೆರೆಯುವುದಿಲ್ಲ. ದೊಡ್ಡ ಡಾಕ್ಟರನ್ನು ಕರೆಯಲು ಸಿಸ್ಟರ್ ಓಡಿದರು. ಹೊರಗೆ ಕೂತ ಅಕ್ಕನಿಗೆ ನಾನು ಏನು ಹೇಳಲಿ?

ಹೇಳುವ ಮೊದಲೇ ಅವರು ಒಳಗೆ ಬಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಕಿವಿಯ ಹತ್ತಿರ ಬಾಗಿ, ದಿನವೂ ಹೇಳುವವರ ಹಾಗೆ ಹೇಳಿದರು: "ಹ್ವಾಯ್, ಗಿರಾಕಿ ಬಂದ್ರ್."

ಕಣ್ಣು ಮುಚ್ಚಿದ್ದ ಹಾಗೆಯೇ ಉತ್ತರ ಬಂತು. "ಬೈಠೋ ಸಾಬ್. ಟೇಬಲ್ ಒರೆಸ್ತೆ."

ಡಾಕ್ಟ್ರಮ್ಮನಿಗೆ ಹೋದ ಜೀವ ಬಂತು. ಆ ಸಂತೋಷದಲ್ಲಿ ಕೂಡಲೇ ಕೇಳಿದರು: "ಎಷ್ಟು? ಹತ್ತರಲ್ಲಿ ಎಷ್ಟು?"

"ಹತ್ತ್ ಇಲ್ಲ ಸಾಬ್. ಎರಡೇ ಪ್ಲೇಟ್ ಉಳ್ದದ್ದ್."

ಎರಡು ಅಂತ ಬರೆದುಕೊಳ್ಳುವುದೋ ಬೇಡವೋ ಅಂತ ಡಾಕ್ಟ್ರಮ್ಮ ನನ್ನ ಮುಖ ನೋಡಿದರು.

ಎಲ್ಲರೂ ನಕ್ಕರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕಿವಿಯ ಹತ್ತಿರ ಬಾಗಿ ಹೀಗೆ ಕರೆಯುವವರು ನನಗೆ ಯಾರಿದ್ದಾರೆ? ಒಂದು ಊರಲ್ಲಿ ನಿಲ್ಲದವನನ್ನು ಯಾವ ಮಾತು ಹೇಳಿ ಎಬ್ಬಿಸುತ್ತಾರೆ? ಅವತ್ತೇ ನಿಶ್ಚಯ ಮಾಡಿದೆ. ಈ ಆಸ್ಪತ್ರೆಯೂ ಸಾಕು.

ಪಕ್ಕದವರು

ಮರುದಿನ ಬೆಳಿಗ್ಗೆ ಚೀಲ ಹಿಡಿದು ರಸ್ತೆ ದಾಟಿ ನಿಂತೆ. ಬೈಂದೂರಿನ ಬಸ್ಸು ಬಂತು. ಅಲ್ಲಿಂದ ಮುಂದೆ ಎಲ್ಲಿಗೆ ಅಂತ ಗೊತ್ತಿರಲಿಲ್ಲ, ಯಾವಾಗಲೂ ಗೊತ್ತಿರುವುದಿಲ್ಲ. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಇನ್ನೊಂದನ್ನು ಎತ್ತುವಾಗ ತೊಡೆಸಂದಿಯಲ್ಲಿ ಏನೋ ಹೊರಗೆ ಬಂದು ಸಿಕ್ಕಿಕೊಂಡಿತು. ಒತ್ತಿದರೆ ಒಳಗೆ ಹೋಗುವುದಿಲ್ಲ. ಕಣ್ಣು ಕತ್ತಲೆ.

"ಹ್ವಾಯ್, ಹತ್ತುದಾದ್ರೆ ಹತ್ತಿ, ಇಲ್ಲದಿದ್ರೆ ಇಳೀನಿ ಮಾರಾಯ್ರೆ" ಅಂದ ಕಂಡಕ್ಟರ್. ನನಗೆ ಎರಡೂ ಆಗಲಿಲ್ಲ. ಅವನೇ ಕಂಕುಳಿಗೆ ಕೈ ಹಾಕಿ ಇಳಿಸಿದ. ಬಸ್ಸಿನವರೆಲ್ಲ ಕಿಟಕಿಯಿಂದ ನೋಡುತ್ತಿರುವಾಗ ನನ್ನದೇ ಸ್ಟ್ರೆಚರ್ ರಸ್ತೆ ದಾಟಿ ಬಂತು. ಅದರ ಒಂದು ಚಕ್ರ ಕಿರ್ರೆನ್ನುತ್ತಿತ್ತು, ನಾನು ಎಣ್ಣೆ ಬಿಟ್ಟಿರಲಿಲ್ಲ. ಮಲಗಿದವನಿಗೆ ಆ ಸದ್ದು ನೇರ ಮಿದುಳಿಗೇ ಕೇಳುತ್ತದೆ ಅಂತ ಅವತ್ತು ಗೊತ್ತಾಯಿತು.

ಕೂಡಲೇ ಆಪರೇಷನ್ ಅಂದರು. "ಎಂತದೂ ಆತಿಲ್ಲೆ, ನಿದ್ರಿ ಮಾಡ್ದಂಗೆ" ಅಂತ ಯಾರೋ ನನಗೇ ಹೇಳಿದರು. ಹೇಳಿದವನನ್ನು ಕೊಲ್ಲುವಷ್ಟು ಸಿಟ್ಟು ಬಂತು. ಬೆನ್ನಿಗೆ ಸೂಜಿ ಹೋಯಿತು. ಓಡು ಅಂತ ಕಾಲಿಗೆ ಹೇಳಿದೆ. ಜನ್ಮದಲ್ಲಿ ಮೊದಲ ಸಲ ಅದು ನನ್ನ ಮಾತು ಕೇಳಲಿಲ್ಲ. ಹತ್ತಿ ತಾಗಿಸಿ ತಂಪಾಯ್ತಾ ಅಂದಾಗ, ಕೊಕ್ಕರ್ಣೆಯವರಷ್ಟೇ ಗಟ್ಟಿಯಾಗಿ "ಆತ್ತ್" ಅಂದೆ. ಈ ಸಲ ಡಾಕ್ಟ್ರಮ್ಮ ನನ್ನನ್ನು ನಂಬಲೇ ಇಲ್ಲ.

ಆಪರೇಷನ್ ಮುಗಿದು ಆಚೆ ಕೋಣೆಗೆ ತಂದು ಕಂಬಳಿ ಹೊದೆಸಿದರು. ಬದುಕಿದ್ದೇನೆ ಅಂತ ಖಾತ್ರಿ ಮಾಡಿಕೊಳ್ಳಲು ಕಂಬಳಿಯೊಳಗೆ ಮೈ ಮುಟ್ಟಿ ನೋಡಿದೆ. ಎದೆ ಇತ್ತು. ಹೊಟ್ಟೆ ಇತ್ತು. ಅದರ ಕೆಳಗೆ ಇನ್ನೊಬ್ಬರ ತೊಡೆ ಕೈಗೆ ಸಿಕ್ಕಿತು.

ಮಂಚ ಸಾಲದೆ ಒಂದರಲ್ಲಿ ಇಬ್ಬರನ್ನು ಮಲಗಿಸಿದ್ದಾರೆ ಅಂದುಕೊಂಡೆ. "ಹ್ವಾಯ್, ಒಂಚೂರ್ ಆಚಿ ಸರೀನಿ" ಅಂದೆ ಮರ್ಯಾದೆಯಿಂದ. ಅಲುಗಾಡಲಿಲ್ಲ. ತಟ್ಟಿದೆ. ಚಿವುಟಿದೆ. ನೋವಾಯಿತು ಅಂತ ಒಂದು ಸೊಲ್ಲೂ ಇಲ್ಲ. ಇವರಿಗೆ ಎಚ್ಚರ ಆಗಿಲ್ಲ. ಯಾರೂ ನೋಡಿಲ್ಲ. ಹೊರಗೆ ಇವರ ಮನೆಯವರು ಕಾದು ಕೂತಿರಬಹುದು. ಬೈಂದೂರಿನ ಅಕ್ಕನ ನೆನಪಾಯಿತು. ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಕರೆದೆ: "ಹ್ವಾಯ್, ಗಿರಾಕಿ ಬಂದ್ರ್."

ಇಲ್ಲ.

"ಡಾಕ್ಟ್ರಮ್ಮಾ, ಬೇಗ ಬನಿ, ಇವ್ರಿಗ್ ಎಚ್ಚರ ಆತಿಲ್ಲೆ" ಅಂತ ಕೂಗಿದ ಕೂಗಿಗೆ ಇಡೀ ಕೋಣೆ ಓಡಿ ಬಂತು. "ಯಾರಿಗೆ, ಯಾರಿಗೆ?" ಅಂದರು ಡಾಕ್ಟ್ರಮ್ಮ, ಮುಖ ಬಿಳುಚಿಕೊಂಡು. ನಾನು ಕಂಬಳಿಯೊಳಗೆ ಆ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ.

ಅವರು ಕಂಬಳಿ ಎತ್ತಿದರು. ನೋಡಿದರು. ಆ ತೊಡೆಯಿಂದ ನನ್ನ ಸೊಂಟದವರೆಗೆ ಕಣ್ಣು ಹಾಯಿಸಿದರು.

"ಅದು ನಿಮ್ದೇ ಕಾಲು."

ನಾನು ನಂಬಲಿಲ್ಲ. ಕಾಲಿನ ಬೆರಳು ಅಲ್ಲಾಡಿಸಿ ನೋಡಿದೆ, ಅಲ್ಲಾಡಲಿಲ್ಲ. ನನ್ನ ಕಾಲಾಗಿದ್ದರೆ ಇಷ್ಟು ಹೊತ್ತು ಇಲ್ಲಿ ಇರುತ್ತಿತ್ತಾ?

ಡಾಕ್ಟ್ರಮ್ಮ ನಗು ನುಂಗಿಕೊಂಡು ತಮ್ಮ ಕೆಲಸಕ್ಕೆ ಬಂದರು. "ಈಗ ಹೇಳಿ. ನೋವು ಹತ್ತರಲ್ಲಿ ಎಷ್ಟು?"

"ನಂಗೆಂತ ಇಲ್ಲೆ ಡಾಕ್ಟ್ರಮ್ಮ" ಅಂದು ಪಕ್ಕದ ತೊಡೆ ತಟ್ಟಿದೆ. "ಇವ್ರನ್ನ ಕೇಣಿ."