ಸೋಸಿದ ನೀರು ಕುಡಿಯುವ ಮೋಟಾರು ಮಹಾಶಯರ ಸನ್ನಿಧಿಗೆ

ಇಚಲಕರಂಜಿ
ಫೆಬ್ರುವರಿ, ೧೯೪೪

ಮಾನ್ಯರೇ,

ತಮ್ಮ ನಾಲ್ಕೂ ಗಾಲಿಗಳಿಗೆ ಬೇರೆ ಬೇರೆಯಾಗಿ ನಮಸ್ಕರಿಸಿ, ಆರು ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡ ಒಂದು ದೂರನ್ನು ಇಂದು ಬಹಿರಂಗವಾಗಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಯುದ್ಧ ಶುರುವಾಗಿ ಪೆಟ್ರೋಲು ಚೀಟಿಯ ಮೇಲೆ ಸಿಗತೊಡಗಿದಂದಿನಿಂದ ತಾವು ನಮ್ಮ ಆಬಾಸಾಹೇಬ ಕಾಕಾನ ಕೊಟ್ಟಿಗೆಯಲ್ಲಿ ಇಟ್ಟಿಗೆಗಳ ಪೀಠವೇರಿ ವಿರಾಜಮಾನರಾಗಿದ್ದೀರಿ. ತಮ್ಮ ಹಿಂದಿನ ಸೀಟಿನಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿದೆ. ಆದ್ದರಿಂದ ಪತ್ರ ಓದಲು ತಮಗೆ ಪುರಸೊತ್ತಿಲ್ಲವೆಂಬ ನೆಪ ನಡೆಯುವುದಿಲ್ಲ.

ನಾನು ಯಾರೆಂದು ಮರೆತಿದ್ದರೆ ನೆನಪಿಸುತ್ತೇನೆ. ನೂಲಿನ ವ್ಯಾಪಾರಿ ಧನಪಾಲ. ತಮ್ಮನ್ನು ತಳ್ಳಿದವರಲ್ಲಿ ಬಲಗಡೆಯವನು. ಗಡಹಿಂಗ್ಲಜದ ದಾದಾಸಾಹೇಬರ ಮಗಳು ಶಾಲನಳನ್ನು ನಾನು ಕೊಲ್ಹಾಪುರದ ಒಂದು ಮದುವೆಯಲ್ಲಿ ನೋಡಿದ್ದೆ. ಅವಳು ನನ್ನ ಹೊಸ ಕರಿ ಟೊಪ್ಪಿಗೆ ನೋಡಿ ನಕ್ಕಿದ್ದಳು, ಅಂದಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಹಿರಿಯರು ಮಾತಾಡಿ ಒಂದು ದಿನ ಗೊತ್ತು ಮಾಡಿದಾಗ ದಾದಾಸಾಹೇಬರು ಹೇಳಿ ಕಳಿಸಿದ್ದರು: “ಹೊತ್ತು ಮುಳುಗೂದ್ರಾಗ ಬರ್ರಿ, ಕೂಡಿ ಉಣ್ಣೂಣು, ಮಾತು ಮುಗಿಸೂಣು. ನೀವು ತಪ್ಪಿಸಿದ್ರ ನಾಳೆ ಕುರುಂದವಾಡದ ಮಂದಿ ಬರಾವ್ರು ಅದಾರ.” ನಮ್ಮ ಜೈನರ ಮನೆಗಳಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ಕರೆದ ಅತಿಥಿ ಬರುವ ಮೊದಲೂ ಊಟವಿಲ್ಲ. ನಾವು ತಡ ಮಾಡಿದರೆ ಇಡೀ ಮನೆಯೇ ಉಪವಾಸ ಮಲಗಬೇಕು. ಮನೆ ಮಂದಿಯನ್ನೆಲ್ಲ ಉಪವಾಸ ಕೆಡವಿದವನಿಗೆ ಯಾರು ಹೆಣ್ಣು ಕೊಡುತ್ತಾರೆ, ತಾವೇ ಹೇಳಿ.

ಎಲ್ಲರೂ ಹತ್ತುವ ಸರ್ವಿಸ್ ಬಸ್ಸಿನಲ್ಲಿ ಹೋಗೋಣವೆಂದು ನಾನು ಬಡಕೊಂಡೆ. “ಹೆಣ್ಣು ಕೇಳಾಕ ಹೋಗಾಕತ್ತೇವಿ, ಸಂತಿಗಲ್ಲ. ಮನ್ಯಾಗ ಮೋಟಾರ ಇಟಗೊಂಡು ಮಂದಿ ಗಾಡಿ ಯಾಕೋ?” ಎಂದು ಕಾಕಾ ಗದರಿದರು. ಹೀಗೆ ಕಾಕಾ, ನಾನು, ನನ್ನನ್ನು ಸಾಕಿದ ಸೋದರತ್ತೆ ಚಂಪಾಬಾಯಿ, ಡ್ರೈವರ್ ಗುಂಡು, ಇಷ್ಟು ಜನ ತಮ್ಮ ಆಶ್ರಯದಲ್ಲಿ ಹೊರಟು, ಕೊಲ್ಹಾಪುರದಲ್ಲಿ ಪೇಢೆ ಕೊಂಡು, ಮಧ್ಯಾಹ್ನದ ಹೊತ್ತಿಗೆ ಕಾಗಲ ದಾಟಿದೆವು.

ದಾಟಿದ ಕೂಡಲೇ ತಾವು ತೋರಿದ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ಅಷ್ಟು ಅಗಲವಾದ ರಸ್ತೆಯಲ್ಲಿ, ಯಾವುದೋ ಎತ್ತಿನ ಲಾಳದಿಂದ ಉದುರಿದ್ದ ಒಂದೇ ಒಂದು ಮೊಳೆಯನ್ನು ತಾವು ಹುಡುಕಿ ಹಿಡಿದು ಕಾಲಿಗೆ ಚುಚ್ಚಿಕೊಂಡಿರಿ. ಗುಂಡು ಟ್ಯೂಬು ಬಿಚ್ಚಿ ತೇಪೆ ಹಚ್ಚಿ ಗಾಳಿ ಹೊಡೆಯುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಹೋಗಲಿ, ಹೆಣ್ಣು ಕೇಳಲು ಹೊರಟವನು ಇಷ್ಟಾದರೂ ಬೆವರಬೇಕು ಎಂದುಕೊಂಡೆ.

ನಿಪ್ಪಾಣಿ ದಾಟಿ ತವಂದಿ ಘಾಟಿನ ಏರು ಬಂದಾಗ ತಮಗೆ ಸಿಟ್ಟು ನೆತ್ತಿಗೇರಿತು. ಮೂತಿಯಿಂದ ಬುಸುಬುಸು ಹೊಗೆ ಬಿಡುತ್ತ ನಡುರಸ್ತೆಯಲ್ಲಿ ನಿಂತಿರಿ. ಕಾಕಾ ತಮ್ಮ ನೀರಿನ ತೊಟ್ಟಿಯ ಮುಚ್ಚಳಕ್ಕೆ ಕೈ ಹಾಕಲು ಹೋದಾಗ ಗುಂಡು, “ಥಾಂಬಾ ಸಾವಕಾರ್ರ! ಈಗ ಬಾಯಿ ತೆಗದ್ರ ಮಾರಿ ಸುಟ್ಟು ಬದನಿಕಾಯಿ ಆಗತೈತಿ” ಎಂದು ತಡೆದು, ತಾವು ಶಾಂತರಾಗುವ ತನಕ ಕಾದು, ಒದ್ದೆ ಗೋಣಿಚೀಲ ಹೊದಿಸಿ ಮೆಲ್ಲಗೆ ತೆರೆದನು. ನೀರು ಹಾಕಿದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಆದರೆ ಅತ್ತೆ ಹಿತ್ತಾಳೆ ಕೊಡದ ಬಾಯಿಗೆ ಬಿಳಿ ಅರಿವೆ ಕಟ್ಟಿಕೊಂಡು ಕೆಳಗಿಳಿದರು. ಮನೆಯಲ್ಲಿ ಸೋಸದ ನೀರನ್ನು ಒಲೆಯ ಮೇಲಿಡುವವರಲ್ಲ ಅವರು. “ಸೋಸಲಾರದ ನೀರು ಕುದಿಸಿದ್ರ ಅದರಾಗಿನ ಜೀವದ ಪಾಪ ಯಾರಿಗಿ ಹತ್ತತೈತಿ? ಮೋಟಾರಿಗಿ ಮೋಕ್ಷ ಬ್ಯಾಡಾಗಿರಬೇಕು, ನಮಗ ಬೇಕಾಗೈತಿ” ಎಂದರು. ಕಾಕಾ ರಸ್ತೆಯ ಪಕ್ಕದ ಬಾವಿಯ ದಾರಿ ತೋರಿಸಿದರು.

ಸೋಸುವುದೆಂದರೆ ಸುರುವಿ ಬರುವುದಲ್ಲ ಮಹಾಶಯರೇ. ಅರಿವೆಯಲ್ಲಿ ಉಳಿದ ಸಣ್ಣ ಜೀವಿಗಳನ್ನು ಅದೇ ಬಾವಿಗೆ, ಅದೇ ನೀರಿಗೆ, ನೋವಾಗದ ಹಾಗೆ ಮರಳಿ ಬಿಡಬೇಕು. ಅತ್ತೆ ಒಂದೊಂದು ಕೊಡಕ್ಕೂ ಹಾಗೆಯೇ ಮಾಡಿದರು. ತಾವೋ, ಒಂದು ಕೊಡವನ್ನು ಗಟಗಟ ಕುಡಿದು, ಬಾಯಿ ತೆರೆದುಕೊಂಡು ಇನ್ನೊಂದಕ್ಕೆ ಕಾಯುತ್ತಿದ್ದಿರಿ. ಘಾಟು ಏರುವುದರೊಳಗೆ ಎರಡು ಸಲ ಈ ಪೂಜೆ ನಡೆಯಿತು. ಇನ್ನು ಮುಂದೆ ಕುದಿಯುವ ಮನಸ್ಸಾದರೆ ದಯವಿಟ್ಟು ಮೊದಲೇ ತಿಳಿಸಿ, ಬಾವಿಯ ಕಟ್ಟೆಗೇ ಮೂತಿ ಹಚ್ಚಿ ಕುದಿಯಬೇಕೆಂದೂ, ಸಾಧ್ಯವಾದರೆ ಇಳಿಜಾರಿನಲ್ಲಿ ಮಾತ್ರ ಕುದಿಯಬೇಕೆಂದೂ ಪ್ರಾರ್ಥನೆ.

ಸಂಕೇಶ್ವರದ ಆಚೆ ತಾವು ಮೂರನೆಯ ಸಲ ಕುದಿದಾಗ ಹೊತ್ತು ಮಾರುದ್ದ ಉಳಿದಿತ್ತು. ಬಾವಿ ಕೂಗಳತೆಯ ದೂರದಲ್ಲಿತ್ತು. ಅತ್ತೆ ಕೊಡ ಹೊತ್ತು ಹೋದರು; ಕಾಕಾ ಮರದ ಬುಡದಲ್ಲಿ ಗೊರಕೆ ಹೊಡೆಯುತ್ತಿದ್ದರು. ನನಗೆ ಮುಳುಗುವ ಸೂರ್ಯನಲ್ಲೂ ಕುರುಂದವಾಡದ ವರನ ಮುಖವೇ ಕಾಣುತ್ತಿತ್ತು. ಪಕ್ಕದಲ್ಲೇ ಎಮ್ಮೆಗಳು ಮಲಗಿದ್ದ ಒಂದು ಹೊಂಡ. ಏನು ಹೇಳಲಿ? ನನ್ನ ಕರಿ ಟೊಪ್ಪಿಗೆ ತೆಗೆದು ಆ ಹೊಂಡದಲ್ಲಿ ಅದ್ದಿ ಅದ್ದಿ, ಅರ್ಧ ಸೋರಿ ಉಳಿದದ್ದನ್ನು ತಮ್ಮ ಬಾಯಿಗೆ ಸುರಿದೆ. “ನಾ ಏನೂ ನೋಡಿಲ್ರಿ ಮಾಲಕ” ಎಂದು ಗುಂಡು ಕಣ್ಣಗಲಿಸಿ ನೋಡುತ್ತಲೇ ಹೇಳಿದ. ಅತ್ತೆ ತಂದ ಒಂದೇ ಕೊಡಕ್ಕೆ ತಾವು ತುಂಬಿ ತುಳುಕಿದಿರಿ. “ಈ ಸಲ ಭಾಳ ಕುಡೀಲಿಲ್ಲ ನೋಡು” ಎಂದಷ್ಟೇ ಹೇಳಿ ಅವರು ಹತ್ತಿ ಕುಳಿತರು.

ಇಷ್ಟು ಪಾಪ ಕಟ್ಟಿಕೊಂಡ ಮೇಲಾದರೂ ತಾವು ಓಡಬೇಕಿತ್ತಲ್ಲವೆ? ಊರು ಎರಡು ಮೈಲಿ ಇರುವಾಗ ಹಿಂದಿನ ಟೈರಿನ ಟ್ಯೂಬು ಹರಿದು ಚಿಂದಿಯಾಯಿತು. ಗುಂಡು ಪಕ್ಕದ ಗದ್ದೆಯ ಬಣವೆಯಿಂದ ಭತ್ತದ ಹುಲ್ಲು ಕೇಳಿ ತಂದು, ಟೈರಿನೊಳಗೆ ಗಿಡಿದು ತುಂಬಿದ. ಕುಂಟುತ್ತ ಅರ್ಧ ಮೈಲಿ ನಡೆದು ತಾವು ಉಸಿರೇ ಬಿಟ್ಟಿರಿ, ನಾವು ಎಷ್ಟು ತಳ್ಳಿದರೂ ಅಲುಗಲಿಲ್ಲ. ಬಣವೆಯ ಒಡೆಯ ಬಸಗೊಂಡ ಎತ್ತು ಹೊಡೆದುಕೊಂಡು ಹಿಂದೆಯೇ ಬಂದವನು, “ಹುಲ್ಲು ತಿಂದ್ರೂ ಎದ್ದು ನಿಲ್ಲವಲ್ದಲ್ರಿ, ಎಂಥಾ ದನಾ ಸಾಕೀರಿ?” ಎಂದು ನಕ್ಕು ಹಗ್ಗ ಕಟ್ಟಿದ. ಎತ್ತುಗಳು ತಮ್ಮನ್ನು ಎಳೆದವು. ಸೂರ್ಯ ತನ್ನ ಹೊತ್ತಿಗೆ ಸರಿಯಾಗಿ ಮುಳುಗಿದ.

ದಾದಾಸಾಹೇಬರ ಮನೆಯಲ್ಲಿ ಹಾಕಿದ ತಾಟುಗಳನ್ನು ಎತ್ತಿಡುತ್ತಿದ್ದರು. ಹೋಳಿಗೆಯ ವಾಸನೆ ಅಂಗಳದವರೆಗೂ ಬರುತ್ತಿತ್ತು, ಯಾರೂ ಮುಟ್ಟುವಂತಿರಲಿಲ್ಲ. ಯಜಮಾನರ ಮುಖ ನೋಡಿ ನಾನು ಕಾಕಾನ ಬೆನ್ನ ಹಿಂದೆ ಸರಿದೆ. ಆಗ ಅತ್ತೆ ಕೈಯಲ್ಲಿದ್ದ ಒದ್ದೆ ಅರಿವೆ ತೋರಿಸಿ, ತಡವಾದದ್ದು ನೀರು ಸೋಸಿದ್ದರಿಂದ ಎಂದರು. “ಮೋಟಾರಿಗೂ ಸೋಸಿದ ನೀರೇನ್ರಿ ಬಾಯಿ?” ಎಂದು ದಾದಾಸಾಹೇಬರು ಬೆರಗಾದರು. “ಮತ್ತ? ಕುದಿಯೂದು ಅದರಾಗ ಅಲ್ರಿ?” ಎಂದರು ಅತ್ತೆ. ಯಜಮಾನರು ಒಳಗೆ ತಿರುಗಿ ಕೂಗಿದರು: “ಕುರುಂದವಾಡದವ್ರಿಗಿ ಬರಬ್ಯಾಡ್ರಿ ಅಂತ ಹೇಳಿ ಕಳಸ್ರಿ. ಮಿಷಿನ್ನಿಗೂ ಸೋಸಿ ಹಾಕೂ ಮನಿತನ ಇನ್ನೆಲ್ಲಿ ಸಿಗತೈತಿ?”

ನಾನು ವಿನಯದಿಂದ ತಲೆ ಬಾಗಿಸಿದೆ. ಟೊಪ್ಪಿಗೆಯಿಂದ ಹಸಿರು ಪಾಚಿಯ ಎಳೆಯೊಂದು ಜಾರಿ, ಕಾಲಿಗೆ ನೀರು ಕೊಡಲು ಬಂದ ಶಾಲನಳ ತಂಬಿಗೆಯೊಳಗೆ ಬಿತ್ತು. ಅವಳು ಪಾಚಿ ನೋಡಿದಳು, ನನ್ನನ್ನು ನೋಡಿದಳು, ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ಹೊರಗೆ ಬಸಗೊಂಡನ ಎತ್ತುಗಳು ತಮ್ಮ ಟೈರಿನಿಂದ ಹುಲ್ಲು ಎಳೆದು ತಿನ್ನುತ್ತಿದ್ದವು. ಆ ರಾತ್ರಿ ಉಂಡವು ಅವೆರಡೇ. ನಾನು ಗೂಟಕ್ಕೆ ಸಿಕ್ಕಿಸಿದ್ದ ಟೊಪ್ಪಿಗೆ ಮರುದಿನ ಒಗೆದು ಒಣಗಿ ಬಂತು. ಜೊತೆಗೆ ಬಾಗಿಲ ಮರೆಯಿಂದ ಶಾಲನಳ ಒಂದು ಮಾತೂ ಬಂತು: “ಸೋಸೂ ಅರಿವಿ ಬಿಳೇದಿರತೈತ್ರೀ, ಕರೇದಲ್ಲ.”

ನನ್ನ ದೂರು ಇಷ್ಟೇ. ಮದುವೆಯಾಗಿ ಆರು ವರ್ಷವಾದರೂ ಆ ಟೊಪ್ಪಿಗೆ ಗೂಟದ ಮೇಲಿದೆ. ಹಾಗಲಕಾಯಿ ಪಲ್ಯ ಬೇಡವೆಂದರೆ ಶಾಲನ ಆ ಟೊಪ್ಪಿಗೆಯನ್ನು ತಂದು ತಾಟಿನ ಪಕ್ಕ ಇಡುತ್ತಾಳೆ. ತವರಿನಲ್ಲಿ ಎಂಟು ದಿನ ಹೆಚ್ಚಾಯಿತಲ್ಲ ಎಂದರೆ ಇಡುತ್ತಾಳೆ. ಅತ್ತೆಯ ಮುಂದೆ ಸುಮ್ಮನೆ ಅದರ ಧೂಳು ಝಾಡಿಸುತ್ತಾಳೆ, ನಾನು ಎದ್ದು ಹೇಳಿದ ಕೆಲಸ ಮಾಡುತ್ತೇನೆ. ಅತ್ತೆಗೆ ತಿಳಿದರೆ ಆ ಮುದಿಜೀವ ಎಷ್ಟು ನೊಂದುಕೊಂಡೀತು ಎಂಬ ಭಯವೇ ನನ್ನ ಬಾಯಿ ಕಟ್ಟಿತ್ತು. ಇನ್ನು ತಾಳಲಾರೆ. ತಾವಾದರೂ ಆ ದಿನದ ನೀರನ್ನು ಆವಿಯಿಂದ ಮರಳಿ ನೀರು ಮಾಡಿ, ಪ್ರತಿಯೊಂದು ಜೀವವನ್ನೂ ಅದರದರ ಎಮ್ಮೆಯ ಮಗ್ಗುಲಿಗೆ ಸುರಕ್ಷಿತವಾಗಿ ಮುಟ್ಟಿಸಬೇಕು. ಆಗದಿದ್ದರೆ ಈ ಪತ್ರವೇ ನನ್ನ ತಪ್ಪೊಪ್ಪಿಗೆಯಾಗಲಿ.

ತಮ್ಮ ಗಾಳಿ ಇರುವ ಗಾಲಿಗಳ ಮಟ್ಟಿಗೆ
ತಮ್ಮ ವಿಶ್ವಾಸಿ,
ಧನಪಾಲ

ತಾ.ಕ.: ಪತ್ರಿಕೆಗೆ ಕಳಿಸುವ ಮೊದಲು ಇದನ್ನು ಅತ್ತೆಗೆ ಓದಿ ಹೇಳಿ, ಕಾಲು ಹಿಡಿಯಲು ಬಾಗಿದೆ. “ಏಳೋ ಹುಚ್ಚಪ್ಪ” ಎಂದರು. “ಬಾವೀ ಕಟ್ಟಿ ಮ್ಯಾಲಿಂದ ಎಲ್ಲಾ ಕಾಣತಿತ್ತು. ಟೊಪ್ಪಿಗಿ ಹದಿನೈದು ಸಲ ಮುಳುಗಸಿದಿ. ಹದಿನೈದು ದಿನ ನಾ ಒಪ್ಪತ್ತು ಉಂಡು ಆ ಪಾಪ ಕಳದೀನಿ. ನಿನಗ ಆ ಹುಡಗಿ ಬೇಕಾಗಿತ್ತಲ್ಲ?” ಶಾಲನ ಎದ್ದು ಹೋಗಿ ಟೊಪ್ಪಿಗೆಯನ್ನು ಪೆಟ್ಟಿಗೆಯೊಳಗೆ ಇಟ್ಟು ಬಂದಳು. ಮಾನ್ಯರೇ, ಆ ಹದಿನೈದು ದಿನ ಅತ್ತೆ ಹೊಟ್ಟೆ ನೆಟ್ಟಗಿಲ್ಲವೆಂದು ಸಂಜೆಯ ಊಟ ಬಿಟ್ಟಾಗ, ತಮ್ಮ ಕುಲುಕಾಟದಿಂದಲೇ ಹೀಗಾಯಿತೆಂದು ತಮ್ಮನ್ನು ಬಾಯಿಗೆ ಬಂದಂತೆ ಬೈದಿದ್ದೆ. ಆ ಬೈಗಳನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಉಳಿದವೆಲ್ಲ ತಮ್ಮವೇ, ಇಟ್ಟುಕೊಳ್ಳಿ.