ಅಳತೆಗೆ ಹೊಲಿದ ಟ್ರೇಲರು

ದರ್ಜಿಯ ಮನೆಯಲ್ಲಿ ಯಾವ ಬೈಗುಳವನ್ನಾದರೂ ಬಾಯಿ ತುಂಬ ಆಡಬಹುದಿತ್ತು. ಆಡಬಾರದ ಮಾತು ಒಂದೇ, ರೆಡಿಮೇಡ್. ದೊಡ್ಡ ಮಗ ಚಿಕ್ಕವನಿದ್ದಾಗ ಯಾರೋ ಉಡುಗೊರೆ ಕೊಟ್ಟ ರೆಡಿಮೇಡ್ ಅಂಗಿ ತೊಟ್ಟು ಬಂದಿದ್ದ. ದರ್ಜಿ ಮಗನ ಮೈಯಿಂದ ಅಂಗಿ ಬಿಚ್ಚಿಸಿ, ಅಂಗಿಯ ಹೊಲಿಗೆಯನ್ನೂ ಬಿಚ್ಚಿ, ಅದರ ಪಾಪಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಮತ್ತೆ ತಾನೇ ಹೊಲಿದುಕೊಟ್ಟ. (ಅಷ್ಟು ಹೊತ್ತಿಗೆ ಮಗ ಬೆಳೆದು, ಅಂಗಿ ತಮ್ಮನ ಪಾಲಾಗಿತ್ತು ಅನ್ನುವುದು ಬೇರೆ ಮಾತು.)

"ರೆಡಿಮೇಡ್ ಅಂದ್ರೆ ಏನು? ಲೋಕದಲ್ಲೇ ಇಲ್ಲದ ಮನುಷ್ಯನ ಅಳತೆಗೆ ಹೊಲಿದದ್ದು," ಎಂದು ಅವನು ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದ. ಗಿರಾಕಿಗಳು ಭಕ್ತಿಯಿಂದ ಕೇಳಿ, ಚೀಲದಿಂದ ರೆಡಿಮೇಡ್ ಪ್ಯಾಂಟು ತೆಗೆದು, ಕಾಲು ಸ್ವಲ್ಪ ಮೋಟು ಮಾಡಿಕೊಡಿ ಎಂದು ಇಟ್ಟು ಹೋಗುತ್ತಿದ್ದರು. ಈಚೆಗೆ ಅಂಗಡಿ ನಡೆಯುತ್ತಿದ್ದದ್ದೇ ಆ ಮೋಟು ಮಾಡುವ ಕೆಲಸದಿಂದ. ಮನೆಯಲ್ಲಿ ಮಾತ್ರ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ.

ಅಂಥ ಮನೆಯಲ್ಲಿ ಅವನ ಹೆಂಡತಿ ಒಂದು ಬೆಳಿಗ್ಗೆ ಗುಂಡಿ ಹಚ್ಚುತ್ತ ಕೂತವಳು ಹಲ್ಲಿನಲ್ಲಿ ದಾರ ಕಡಿದು, "ನನಗೊಂದು ಟ್ರೇಲರ್ ಬೇಕು ರೀ," ಅಂದಳು.

ಕಾರಿನ ಹಿಂದೆ ಸಿಕ್ಕಿಸಿಕೊಂಡು ಹೋಗುವ, ಒಳಗೆ ಇಬ್ಬರು ಮಲಗುವಷ್ಟು ಜಾಗವಿರುವ ಪುಟ್ಟ ಗಾಡಿ. ಮದುವೆಯಾದಾಗಿನಿಂದ ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಊರಿನ ಮೈಗೆಲ್ಲ ಗುಂಡಿ ಹಚ್ಚಿದ್ದಳು. ಮಲಗುವುದೂ ಅದೇ ಕೋಣೆಯಲ್ಲಿ, ಅದರ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಒಂದು ಬೆಳಿಗ್ಗೆಯಾದರೂ ಎದ್ದ ಕೂಡಲೇ ಕಣ್ಣಿಗೆ ಗೋಡೆ ಬೀಳದೆ ಕೆರೆಯ ನೀರು ಬೀಳಬೇಕು ಅನ್ನುವುದು ಅವಳ ಬಹಳ ಹಳೆಯ ಆಸೆ. ಮಂಡಿ ಆಗಲೇ ತಕರಾರು ತೆಗೆದಿತ್ತು, ಈ ವರ್ಷ ಬಿಟ್ಟರೆ ಬಿಟ್ಟ ಹಾಗೇ ಎಂದು ಅವಳಿಗೆ ನಿಜವಾಗಿಯೂ ಭಯವಿತ್ತು. ಲಾಡ್ಜಿಗೆ ಹೋಗೋಣವೆಂದರೆ ಗಂಡನದು ಇನ್ನೊಂದು ಕಥೆ. ಹಿಂದೊಮ್ಮೆ ಹೋದಾಗ, ಹಾಸಿದ ಚಾದರದ ಅಂಚು ಸೊಟ್ಟಗೆ ಹೊಲಿದಿದೆಯೆಂದು ಇಡೀ ರಾತ್ರಿ ಕುರ್ಚಿಯಲ್ಲಿ ಕೂತೇ ಕಳೆದ ಪುಣ್ಯಾತ್ಮ ಅವನು.

"ನಮ್ಮ ಲಾರಿ ಆಫೀಸಿನ ಹತ್ತಿರ ಒಂದು ಮಾರಾಟಕ್ಕಿದೆ ಅಕ್ಕ," ಅಂದ ಅವಳ ತಮ್ಮ. ಅವನು ಲಾರಿ ಓಡಿಸುವವನು, ಚಹಾ ಹೊತ್ತಿಗೆ ತಪ್ಪದೆ ಬರುವವನು. "ಗಟ್ಟಿ ಮಾಲು. ಸಿಕ್ಕಿಸ್ಕೊಂಡು ಹೊರಡೋದೇ." (ಟೇಲರಿಗೂ ಟ್ರೇಲರಿಗೂ ಒಂದು ಒತ್ತಕ್ಷರದ ವ್ಯತ್ಯಾಸ ಎಂದೂ ಸೇರಿಸಿ ತಾನೇ ನಕ್ಕ. ದರ್ಜಿ ನಗಲಿಲ್ಲ.)

"ಅಂದ್ರೆ, ರೆಡಿ..." ಎಂದು ದರ್ಜಿ ಅಷ್ಟಕ್ಕೇ ನಿಲ್ಲಿಸಿದ. ಪೂರ್ತಿ ಹೇಳಿದರೆ ಬಾಯಿ ತೊಳೆಯಬೇಕಾಗುತ್ತಿತ್ತು. "ನಾನು ಬದುಕಿರುವಾಗ ನನ್ನ ಹೆಂಡತಿ ಯಾರದೋ ಅಳತೆಯ ಗಾಡೀಲಿ ಮಲಗೋದು ಬೇಡ. ನಾನೇ ಮಾಡ್ತೀನಿ."

"ಬಟ್ಟೆಯಿಂದ್ಲಾ ಭಾವ?"

"ಬಡಗಿ ಹಲಗೆ ಕೊಯ್ತಾನೆ. ಅಳತೆ, ಕಟಿಂಗು ನನ್ನದು."

"ಯಾವಾಗ ಕೊಡ್ತೀರಿ?" ಎಂದು ಹೆಂಡತಿ ಕೇಳಿದಳು.

"ಮಂಗಳವಾರ."

ಈ ಮಂಗಳವಾರದ ಬಗ್ಗೆ ಒಂದು ಮಾತು ಹೇಳಬೇಕು. ಅವನ ಅಂಗಡಿಯಲ್ಲಿ ಯಾರು, ಯಾವಾಗ, ಏನು ಕೇಳಿದರೂ ಉತ್ತರ ಮಂಗಳವಾರ. ಅದು ಯಾವ ಮಂಗಳವಾರ ಎಂದು ಕೇಳುವ ಧೈರ್ಯ ಇದುವರೆಗೆ ಒಬ್ಬ ಗಿರಾಕಿಗೂ ಬಂದಿರಲಿಲ್ಲ. ಹೆಂಡತಿ ನಿಟ್ಟುಸಿರು ಬಿಟ್ಟು ಸೂಜಿಗೆ ದಾರ ಪೋಣಿಸಿದಳು.

ಮಂಗಳವಾರಗಳು ಬಂದವು, ಹೋದವು. ದರ್ಜಿಯೇನೂ ಸುಮ್ಮನೆ ಕೂತಿರಲಿಲ್ಲ. ಟ್ರಯಲ್ ನೋಡದೆ ಕೊನೆಯ ಹೊಲಿಗೆ ಹಾಕುವುದು ಅವನ ಧರ್ಮದಲ್ಲಿ ಇಲ್ಲ. ಆದ್ದರಿಂದ ಹಲಗೆಗೆ ಕೈ ಹಾಕುವ ಮೊದಲು ಇಡೀ ಟ್ರೇಲರನ್ನು ಹಳೆಯ ಅಸ್ತರಿ ಬಟ್ಟೆಯಲ್ಲಿ ಕತ್ತರಿಸಿ, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ನಡುಮನೆಯಲ್ಲಿ ನಾಲ್ಕು ಕೋಲು ನಿಲ್ಲಿಸಿ ತೂಗುಹಾಕಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಎಂದು ಜನ ಸುಮ್ಮನೆ ಆಡಿಕೊಳ್ಳುತ್ತಾರೆ, ಇವನು ನಿಜಕ್ಕೂ ಹೊಲಿದಿದ್ದ. ಬಾಗಿಲಿತ್ತು, ಕಿಟಕಿಯಿತ್ತು, ಒಳಗೆ ಮಂಚದ ಜಾಗಕ್ಕೆ ಸೀಮೆಸುಣ್ಣದ ಗೆರೆಯಿತ್ತು. ಮನೆಯವರು ವಾರವಿಡೀ ಗೋಡೆಗೆ ಬೆನ್ನು ಉಜ್ಜಿಕೊಂಡು ಅಡುಗೆಮನೆಗೆ ಓಡಾಡಿದರು.

ಟ್ರಯಲಿನ ದಿನ ಬಾಮೈದ ಚಹಾ ಲೋಟ ಹಿಡಿದು ಸಾಕ್ಷಿಗೆ ಕೂತ. ಹೆಂಡತಿ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು.

"ಇದು ಯಾರ ಅಳತೆ ರೀ?"

"ಇನ್ಯಾರದು? ನಿನ್ನದೇ."

"ಯಾವಾಗ ತಗೊಂಡ್ರಿ?"

"ನಿನ್ನ ಅಳತೆ ತಗೋಬೇಕಾ? ಮದುವೆ ಬಟ್ಟೆಗೆ ತಗೊಂಡದ್ದು, ಇವತ್ತಿಗೂ ನಾಲಿಗೆ ತುದೀಲಿದೆ. ಒಂದು ಬೆರಳು ಹೆಚ್ಚಿಲ್ಲ, ಕಮ್ಮಿಯಿಲ್ಲ. ವರ್ಷವರ್ಷ ಹೊಲಿದು ಕೊಡ್ತಿಲ್ವಾ? ಎಲ್ಲಾದ್ರೂ ಬಿಗೀತಾ, ಹೇಳು."

ಹೆಂಡತಿ ಓರೆಯಾಗಿ ಬಾಗಿಲೊಳಗೆ ಹೊಕ್ಕಳು. ಅರ್ಧ ಹೊಕ್ಕಳು. ಮಿಕ್ಕರ್ಧ ಹೋಗಬೇಕಾದಾಗ ಸೊಂಟದ ಹತ್ತಿರ ಒಂದು ದಾರ ಟಪ್ಪೆಂದಿತು. ಅದರ ಹಿಂದೆ ಉಳಿದ ದಾರಗಳೂ ಮೆರವಣಿಗೆ ಹೊರಟವು. ಹೊಲಿಗೆ ಸೊಂಟದಿಂದ ಸೂರಿನ ತನಕ ಬಿಚ್ಚಿಕೊಂಡು, ಕೋಲುಗಳು ಒಂದಕ್ಕೊಂದು ತಲೆಬಾಗಿ, ಇಡೀ ಟ್ರೇಲರು ಬಹಳ ಮರ್ಯಾದೆಯಿಂದ, ಸದ್ದಿಲ್ಲದೆ ಅವಳ ಮೇಲೆ ಇಳಿಯಿತು.

ಬಾಮೈದ ಲೋಟ ಕೆಳಗಿಟ್ಟು, ಹೊರಗೆ ಏನೋ ಕೆಲಸವಿದೆಯೆಂದು ಎದ್ದು ಹೋದ.

"ನೀನು ಉಸಿರು ಬಿಗಿಹಿಡೀಬೇಕಾಗಿತ್ತು," ಅಂದ ದರ್ಜಿ ಬಟ್ಟೆಯ ರಾಶಿಗೆ.

"ನಾನು ಬಿಗಿಹಿಡಿಯೋದು ಬಿಟ್ಟು ಎಷ್ಟೋ ವರ್ಷ ಆಯ್ತು," ಅಂದಿತು ರಾಶಿ. "ನೀವು ಹೊಲಿದು ಕೊಟ್ಟ ಬಟ್ಟೇನೆಲ್ಲ ನೀವು ಅಂಗಡಿಗೆ ಹೋದ ಮೇಲೆ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿರೋ ಬಟ್ಟೆ ಸಡಿಲಿಸಿ, ಮತ್ತೆ ಹೊಲ್ಕೊಳ್ತಿದ್ದೆ. ದೊಡ್ಡವನು ಹುಟ್ಟಿದಾಗಿನಿಂದ."

ದರ್ಜಿ ನೆಲದ ಮೇಲೆ ಕೂತುಬಿಟ್ಟ. ಊರಿನಲ್ಲಿ ಯಾರ ಭುಜ ಎಷ್ಟು ಇಳಿದಿದೆ, ಯಾರ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂದು ಬೀದಿಯ ಆ ಕಡೆಯಿಂದಲೇ ಹೇಳಬಲ್ಲವನು ಅವನು. ದೀಪದ ಬುಡದಲ್ಲೇ ಕತ್ತಲು. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ದುಃಖವಾಯಿತು.

"ಒಂದು ಮಾತು ಹೇಳಬಾರದಿತ್ತಾ?"

"ಪ್ರತಿ ಸಲ ಹಿಂದೆ ನಿಂತು, ಒಂದು ಸುಕ್ಕಿಲ್ಲ ನೋಡು ಅಂತ ಖುಷಿಪಡ್ತಿದ್ರಿ. ಅದನ್ನ ಕೆಡಿಸೋಕೆ ಮನಸ್ಸು ಬರ್ಲಿಲ್ಲ." ಅವಳು ಕಿಟಕಿಯ ತೂತಿನಿಂದ ತಲೆ ಹೊರಗೆ ಹಾಕಿದಳು. "ರೆಡಿಮೇಡ್ ಅಂದ್ರೆ ಇಲ್ಲದವರ ಅಳತೆಗೆ ಹೊಲಿದದ್ದು ಅಂತೀರಲ್ಲ. ನೀವು ಹೊಲೀತಿದ್ದದ್ದೂ ಇಲ್ಲದವಳಿಗೇ. ಬಟ್ಟೆ ಆದ್ರೆ ಒಳಗೆ ಬಿಟ್ಟಿರ್ತೀರಿ, ಬಿಚ್ಕೊಳ್ತೀನಿ. ಹಲಗೇಲಿ ಏನು ಬಿಚ್ಚಲಿ?"

ರೆಡಿಮೇಡ್ ಅನ್ನುವ ಆ ಮಾತನ್ನು ಅವಳು ಮನೆಯೊಳಗೆ ಪೂರ್ತಿಯಾಗಿ ಆಡಿದ್ದು ಅದೇ ಮೊದಲು. ದರ್ಜಿ ಕೊರಳಿನ ಟೇಪು ತೆಗೆದು, "ಎದ್ದು ನಿಲ್ಲು," ಅಂದ. ಅವಳು ಕೈ ಎತ್ತಿ ನಿಂತಳು. ಅವನು ಅಳತೆ ತೆಗೆದುಕೊಂಡ, ನಿಧಾನವಾಗಿ, ಹೊಸ ಗಿರಾಕಿಯ ಅಳತೆ ತೆಗೆದ ಹಾಗೆ. ಅಳತೆ ಏನು ಬಂತೆಂದು ಅವನೂ ಬಾಯಿಬಿಡಲಿಲ್ಲ, ಅವಳೂ ಕೇಳಲಿಲ್ಲ.

ಮಾರನೆಯ ದಿನ, ಹಲಗೆಯ ಮಾತು ಬಿಟ್ಟು, ಬಾಮೈದನ ಜೊತೆ ಹೋಗಿ ಮಾರಾಟಕ್ಕಿದ್ದ ಟ್ರೇಲರು ನೋಡಿದರು. ಹೆಂಡತಿ ಬಾಗಿಲಿಗೆ ತಾಗದೆ ಒಳಗೆ ಹೋಗಿ, ಕಾಲು ಚಾಚಿ ಮಲಗಿ, "ಸರಿಯಾಗಿದೆ," ಅಂದಳು. ದರ್ಜಿ ಸುತ್ತ ಬಂದ, ಕೆಳಗೆ ಬಗ್ಗಿ ನೋಡಿದ, ಮೂಲೆಗಳನ್ನು ಉಗುರಿನಿಂದ ಕೆರೆದ. ಸುಕ್ಕಿಲ್ಲ, ಸೊಟ್ಟಿಲ್ಲ. ಲೋಕದಲ್ಲೇ ಇಲ್ಲದ ಯಾರೋ ಒಬ್ಬಳು ತನ್ನ ಹೆಂಡತಿಯ ಅಳತೆಯವಳೇ ಇದ್ದಾಳೆಂದು ಅವನಿಗೆ ಹೊಟ್ಟೆಯುರಿಯಿತು. ಕೊನೆಗೆ ಅವನ ಮುಖ ಅರಳಿತು.

"ಕಿಟಕಿಗೆ ಪರದೆಯಿಲ್ಲ."

"ಅಯ್ಯೋ ಭಾವ, ಪೇಟೇಲಿ ರೆಡಿ..."

"ತಮ್ಮಾ, ನೀನು ಸುಮ್ಮನಿರು," ಅಂದಳು ಹೆಂಡತಿ. ಗಂಡನ ಕಡೆ ತಿರುಗಿ, "ನೀವೇ ಹೊಲೀರಿ. ಯಾವಾಗ ಕೊಡ್ತೀರಿ?" ಎಂದು ಕೇಳಿದಳು.

ಆ ಪ್ರಶ್ನೆಗೆ ಅವನ ಬಾಯಿಗೆ ಗೊತ್ತಿದ್ದದ್ದು ಒಂದೇ ಉತ್ತರ. ಮನಸ್ಸು ತಡೆಯುವ ಮುಂಚೆ ಅದು ಬಂದುಬಿಟ್ಟಿತ್ತು. "ಮಂಗಳವಾರ."

"ನಾವು ಭಾನುವಾರ ಹೊರಡ್ತೀವಿ," ಅಂದಳು ಹೆಂಡತಿ.

ಬಾಮೈದ ತಂದ ಕಾರಿಗೆ ಟ್ರೇಲರು ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಸೋಮವಾರ ಬೆಳಿಗ್ಗೆ ಅವಳು ಕಣ್ಣು ಬಿಟ್ಟಾಗ ಕಿಟಕಿಯ ತುಂಬ ಕೆರೆಯಿತ್ತು. ಅವಳು ಬಹಳ ಹೊತ್ತು ನೋಡುತ್ತ ಮಲಗಿದ್ದಳು. ಇಷ್ಟು ವರ್ಷ ಕಾದದ್ದು ದಂಡವಾಗಲಿಲ್ಲ ಅನ್ನಿಸಿ ಅವಳಿಗೆ ತುಂಬ ಸಂತೋಷವಾಯಿತು.

ಕಿಟಕಿಯಿಂದ ಕೆರೆ ಕಂಡರೆ ಕೆರೆಯ ಕಡೆಯಿಂದ ಕಿಟಕಿಯೂ ಕಾಣುತ್ತದೆ. ಬಿಸಿಲೇರುತ್ತ ದಂಡೆಯಲ್ಲಿ ಬಿಡಾರ ಹೂಡಿದ್ದ ಅಕ್ಕಪಕ್ಕದ ಗಾಡಿಗಳವರು ಹಲ್ಲುಜ್ಜುತ್ತ, ಮಕ್ಕಳನ್ನು ಎಳೆದುಕೊಂಡು ನೀರಿಗೆ ಹೊರಟರು. ಹೆಂಡತಿ ಬಟ್ಟೆ ಬದಲಿಸಬೇಕಿತ್ತು. ದರ್ಜಿ ಹೊರಗೆ ಬಂದು, ಕೋಟು ಬಿಚ್ಚಿ, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಕಿಟಕಿಗೆ ಅಡ್ಡ ನಿಂತ. ಹೋಗಿಬರುವವರೆಲ್ಲ ಅವನನ್ನು ನೋಡಿ ನಮಸ್ಕಾರ ಹೇಳಿದರು. ಕೈ ಖಾಲಿಯಿಲ್ಲದೆ ಅವನು ತಲೆಯಾಡಿಸಿದ. ತೋಳು ನೋಯತೊಡಗಿತು.

"ಎಷ್ಟು ಹೊತ್ತೇ? ಯಾವಾಗ ಮುಗಿಯತ್ತೆ?" ಎಂದು ಮೆಲ್ಲಗೆ ಕೇಳಿದ.

ಒಳಗಿನಿಂದ ಅವಳ ದನಿ ಬಂತು, "ಮಂಗಳವಾರ."